ಮೊದಲ ನಾಲ್ಕು ಸಿಟ್ಟಿಂಗ್: ಬಂದವರು ಮತ್ತೆ ಬರುವಂತೆ ಮಾಡಿದ ಕ್ರಮ

ಒಂದು ಸಲ ಬಂದವರು ಎರಡನೇ ಸಲ ಬರುವುದಿಲ್ಲ ಎಂಬುದು ಜಿಲ್ಲಾ ಕೇಂದ್ರಗಳಲ್ಲಿ ಮಾತಿನ ಚಿಕಿತ್ಸೆಯ ಕ್ಲಿನಿಕ್ ಇಟ್ಟ ನಮ್ಮಂಥ ಮನಶ್ಶಾಸ್ತ್ರಜ್ಞರೆಲ್ಲರ ಗೋಳು. ದಾವಣಗೆರೆಯಲ್ಲಿ ಶುರು ಮಾಡಿದ ಹೊಸದರಲ್ಲಿ ಹತ್ತು ಜನ ಬಂದರೆ ನಾಲ್ಕೈದು ಜನ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ಹತ್ತರಲ್ಲಿ ಒಬ್ಬರೋ ಇಬ್ಬರೋ ಹಾಗೆ ಬಿಟ್ಟು ಹೋಗುತ್ತಾರೆ. ಚಿಕಿತ್ಸೆಯ ವಿಧಾನ ಬದಲಾಗಿಲ್ಲ. ಆಗಲೂ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ), ಈಗಲೂ ಸಿಬಿಟಿ. ಬದಲಾದದ್ದು ಶುರು ಮಾಡುವ ರೀತಿ. ಮೊದಲ ನಾಲ್ಕು ಸಿಟ್ಟಿಂಗ್‌ನಲ್ಲಿ, ಅಂದರೆ ಕೂತು ಮಾತಾಡುವ ನಾಲ್ಕು ಭೇಟಿಗಳಲ್ಲಿ, ಏನೇನು ನಡೆಯುತ್ತದೆ, ದುಡ್ಡು ಎಷ್ಟು, ಯಾವ ವಾರ ಮನಸ್ಸು ಇನ್ನಷ್ಟು ಕೆಡಬಹುದು, ನಾಲ್ಕನೆಯದು ಮುಗಿದ ಮೇಲೆ ಏನು ತೀರ್ಮಾನ ಆಗುತ್ತದೆ, ಇಷ್ಟನ್ನೂ ಅವರು ಬಾಗಿಲು ದಾಟುವ ಮೊದಲೇ ಹೇಳಿಬಿಡುತ್ತೇನೆ.

ಇದು ನಡೆಯುವುದಿಲ್ಲ ಎಂದವರೇ ಹೆಚ್ಚು. "ಮೂರನೇ ವಾರ ಕೆಟ್ಟದಾಗುತ್ತೆ ಅಂತ ಮೊದಲೇ ಹೇಳಿದ್ರೆ ಯಾರು ಬರ್ತಾರೆ?" ಎಂದರು. "ನಮ್ಮ ಕಡೆ ಜನಕ್ಕೆ ಗುಳಿಗೆ ಬೇಕು, ಬರೀ ಮಾತಿಗೆ ದುಡ್ಡು ಕೊಡಲ್ಲ" ಎಂದರು. ಸಂಬಂಧ ಗಟ್ಟಿಯಾಗುವ ಮೊದಲು ಲೆಕ್ಕಾಚಾರ ಮಾತಾಡಬಾರದು ಎಂದು ಹಿರಿಯರೂ ಬುದ್ಧಿ ಹೇಳಿದರು. ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿಗಳಿಂದ ಅರ್ಧ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರುವವರಿಗೆ ಮೊದಲು ಬೇಕಿರುವುದೇ ಲೆಕ್ಕ ಎಂಬುದು ನನ್ನ ಅನುಭವ. ಎಷ್ಟು ಸಲ ಬರಬೇಕು, ಎಷ್ಟು ಖರ್ಚು, ವಾಸಿಯಾಗದಿದ್ದರೆ ಮುಂದೇನು? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಅವರು ಎರಡನೇ ಸಲ ಬಸ್ಸು ಹತ್ತುವುದಿಲ್ಲ.

ಕ್ರಮ ಶುರುವಾಗುವುದು ಫೋನಿನಲ್ಲಿ. ಹತ್ತು ಹನ್ನೆರಡು ನಿಮಿಷದ ಮಾತು, ಇದಕ್ಕೆ ಹಣ ಇಲ್ಲ. ಫೋನ್ ಮಾಡುವವರು ಸಾಮಾನ್ಯವಾಗಿ ಬರಬೇಕಾದವರಲ್ಲ. ಗಂಡ, ಅಣ್ಣ, ಅಮ್ಮ, ಸೋದರಮಾವ ಯಾರೋ ಒಬ್ಬರು. ಹದಿನೆಂಟು ದಾಟಿದವರಾದರೆ ಅವರೇ ಫೋನ್ ಹಿಡಿದು ಎರಡು ನಿಮಿಷವಾದರೂ ಮಾತಾಡದ ಹೊರತು ಸಮಯ ಕೊಡುವುದಿಲ್ಲ. "ಹೋಟ್ಲಿಗೆ ಹೋಗಿ ಬರಾಣ ಅಂತ ಹೇಳಿ ಕರ್ಕೊಂಡು ಬರ್ತೀವಿ ಮೇಡಂ" ಅನ್ನುವವರಿದ್ದಾರೆ. ಹಾಗೆ ಮೋಸ ಮಾಡಿ ಕರೆತಂದವರು ಐವತ್ತು ನಿಮಿಷವೂ ಗೋಡೆ ನೋಡಿಕೊಂಡು ಕೂರುತ್ತಾರೆ, ಮುಂದೆ ಯಾವ ಮನಶ್ಶಾಸ್ತ್ರಜ್ಞರ ಬಾಗಿಲಿಗೂ ಹೋಗುವುದಿಲ್ಲ. ಆ ಒಂದು ಸುಳ್ಳಿನಿಂದ ಹತ್ತು ವರ್ಷದ ಚಿಕಿತ್ಸೆಯ ದಾರಿ ಮುಚ್ಚಿಹೋಗುತ್ತದೆ.

ಫೋನಿನಲ್ಲಿ ಹೇಳುವ ವಿಷಯ ಹೆಚ್ಚುಕಡಿಮೆ ಹೀಗೆ. "ನಾನು ಗುಳಿಗೆ ಬರೆಯೋದಿಲ್ಲ, ಇಂಜೆಕ್ಷನ್ ಇಲ್ಲ, ಕರೆಂಟ್ ಶಾಕ್ ಇಲ್ಲ. ಕೂತು ಮಾತಾಡೋದು, ಮನೆಗೆ ಹೋಗಿ ಮಾಡೋ ಕೆಲಸ ಕೊಡೋದು, ಮುಂದಿನ ವಾರ ಅದನ್ನ ನೋಡೋದು. ವಾರಕ್ಕೊಂದು ಸಲ, ನಾಲ್ಕು ಸಲ ಬರ್ಬೇಕು. ಮೊದಲನೇ ಸಲ ಬರೀ ಕೇಳಿಕೊಳ್ತೀನಿ. ಎರಡನೇ ಸಲ ಒಂದು ತೊಂದರೆ ಹಿಡ್ಕೊಂಡು ಕೆಲಸ ಶುರು. ಮೂರನೇ ಸಲದ ಹೊತ್ತಿಗೆ ಎರಡು ದಿನ ಇನ್ನೂ ಬೇಜಾರು ಅನ್ನಿಸಬಹುದು, ನಿದ್ದೆ ಕೆಡಬಹುದು. ಅದಾದ್ರೆ ಬಿಡಬೇಡಿ, ಬಂದು ಹೇಳಿ. ನಾಲ್ಕನೇ ಸಲ ನಿಮ್ಮ ಮುಂದೇನೇ ಲೆಕ್ಕ ಹಾಕಿ, ಉಪಯೋಗ ಆಗಿದೆಯಾ ಇಲ್ವಾ ಹೇಳ್ತೀನಿ. ಆಗಿಲ್ಲ ಅಂದ್ರೆ ಎಲ್ಲಿಗೆ ಹೋಗ್ಬೇಕು ಅದನ್ನೂ ನಾನೇ ಹೇಳ್ತೀನಿ."

ಇದರ ಜೊತೆ ತಪ್ಪದೆ ಹೇಳಬೇಕಾದ ಇನ್ನೊಂದು ಮಾತಿದೆ: ಈಗ ತೆಗೆದುಕೊಳ್ಳುತ್ತಿರುವ ಗುಳಿಗೆ ನಿಲ್ಲಿಸಬೇಡಿ. ಕೌನ್ಸೆಲಿಂಗ್ ಶುರುವಾಯಿತು, ಇನ್ನು ಗುಳಿಗೆ ಯಾಕೆ ಎಂದು ಜನ ತಾವೇ ನಿಲ್ಲಿಸಿಬಿಡುತ್ತಾರೆ. ಕ್ಲೊನಜೆಪಾಮ್, ಆಲ್‌ಪ್ರಜೋಲಾಮ್ ಥರದ ಗಾಬರಿ-ನಿದ್ದೆಯ ಗುಳಿಗೆ ವರ್ಷಗಟ್ಟಲೆ ನುಂಗಿದವರು ಥಟ್ಟನೆ ಬಿಟ್ಟರೆ ನಿದ್ದೆ ಹೋಗುತ್ತದೆ, ಗಾಬರಿ ಮೊದಲಿಗಿಂತ ಹೆಚ್ಚಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಎಸ್ಸಿಟಾಲೊಪ್ರಾಮ್ ಥರದ ಖಿನ್ನತೆಯ ಗುಳಿಗೆ ಬಿಟ್ಟರೆ ತಲೆಸುತ್ತು, ಮೈಯಲ್ಲಿ ಜುಮ್ಮೆನ್ನುವುದು, ಕಾರಣವಿಲ್ಲದ ಸಿಟ್ಟು. ಆಮೇಲೆ ಮನೆಯವರು "ಅಲ್ಲಿ ಹೋದ ಮೇಲೇ ಜಾಸ್ತಿ ಆಯ್ತು" ಅನ್ನುತ್ತಾರೆ. ಗುಳಿಗೆ ಕಡಿಮೆ ಮಾಡುವುದು, ನಿಲ್ಲಿಸುವುದು ಬರೆದುಕೊಟ್ಟ ಡಾಕ್ಟರ ಕೆಲಸ. ಬರುವಾಗ ಎಲ್ಲ ಚೀಟಿ, ಗುಳಿಗೆ ಸ್ಟ್ರಿಪ್, ರಕ್ತಪರೀಕ್ಷೆ ರಿಪೋರ್ಟ್ ಒಂದು ಕವರಿನಲ್ಲಿ ಹಾಕಿ ತರಲು ಹೇಳಿ. ಆ ಕವರು ಬಿಚ್ಚಿದರೆ ಅರ್ಧ ಹಿಸ್ಟರಿ ಸಿಕ್ಕಿತು. ಗಾಬರಿ ಕಾಯಿಲೆ (ಪ್ಯಾನಿಕ್) ಇರುವವರ ಕವರಿನಲ್ಲಿ ಮೂರು ನಾಲ್ಕು ಇಸಿಜಿ ಇದ್ದೇ ಇರುತ್ತವೆ, ಎಲ್ಲವೂ ನಾರ್ಮಲ್.

ಫೋನ್ ಇಡುವ ಮುಂಚೆ ಕೊನೆಯದಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಬರುವವರು ಯಾರು, ಬರೀ ಹೂಂ ಅನ್ನುವವರು ಯಾರು ಎಂಬುದು ಅದಕ್ಕೆ ಬರುವ ಉತ್ತರದಲ್ಲೇ ತಿಳಿದುಬಿಡುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ; ಅದು ಊರಿನಲ್ಲಿ ಹಬ್ಬಿದರೆ ಉತ್ತರವೂ ಬಾಯಿಪಾಠವಾಗಿ, ಪ್ರಶ್ನೆ ಕೆಲಸಕ್ಕೆ ಬಾರದ್ದಾಗುತ್ತದೆ.

ದುಡ್ಡಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಕ್ಲಿನಿಕ್ ಮುಚ್ಚುವುದು ಅದರಿಂದಲೇ. ಬಾಡಿಗೆ ಒಂಬತ್ತು ಸಾವಿರ, ರಿಸೆಪ್ಶನ್ ಹುಡುಗಿಗೆ ಹನ್ನೊಂದು, ತಿಂಗಳಿಗೆರಡು ಸೂಪರ್‌ವಿಷನ್‌ಗೆ (ನನ್ನ ಕೇಸುಗಳ ಬಗ್ಗೆ ಹಿರಿಯರ ಮಾರ್ಗದರ್ಶನ) ಮೂರು, ಕರೆಂಟು-ನೆಟ್ಟು-ಫೋನು ಸೇರಿ ಮೂರೂವರೆ. ಇಪ್ಪತ್ತಾರು ಇಪ್ಪತ್ತೇಳು ಸಾವಿರ ಕದಲದ ಖರ್ಚು. ಒಂದು ಸಿಟ್ಟಿಂಗ್‌ಗೆ 600 ರೂಪಾಯಿ. ನಾಲ್ಕಕ್ಕೂ ಒಟ್ಟಿಗೆ ಕೊಟ್ಟರೆ 2,000. ತಿಂಗಳಿಗೆ ಐವತ್ತು ಚಿಲ್ಲರೆ ಸಿಟ್ಟಿಂಗ್ ಆದರೆ ಕೈಯಿಂದ ಹಾಕುವುದು ನಿಲ್ಲುತ್ತದೆ. ಬೆಂಗಳೂರಿನ ದರ ಇಲ್ಲಿ ಕೇಳಿದರೆ ಆಗದು, ಬೆಂಗಳೂರಿನ ಬಾಡಿಗೆಯೂ ಇಲ್ಲಿಲ್ಲ.

ಮೊದಲ ಸಿಟ್ಟಿಂಗ್ ಉಚಿತ ಎಂಬ ಬೋರ್ಡು ಹಾಕಿದ ತಿಂಗಳುಗಳಲ್ಲಿ ಕುರ್ಚಿ ತುಂಬಿತು, ಎರಡನೇ ಸಲಕ್ಕೆ ಖಾಲಿ. ಬಂದವರಲ್ಲಿ ಬಹಳ ಜನ ನೋಡಿಕೊಂಡು ಹೋಗಲು ಬಂದವರು. 300 ರೂಪಾಯಿ ಮಾಡಿದಾಗಲೂ ಬರುವವರ ಸಂಖ್ಯೆ ಏರಲಿಲ್ಲ. ಬಸ್ಸಿನ ಖರ್ಚು, ಕಳೆದ ಕೂಲಿ ಎರಡೂ ಸೇರಿಸಿದರೆ ಫೀಸು ಅವರಿಗೆ ಸಣ್ಣ ಭಾಗ. ಎಂಟು ಸಿಟ್ಟಿಂಗ್‌ಗೆ ಮುಂಗಡ ತೆಗೆದುಕೊಂಡಾಗ ಮೂರನೇ ವಾರದ ಕಷ್ಟಕ್ಕೆ ಬಿಟ್ಟವರು ದುಡ್ಡು ವಾಪಸ್ ಕೇಳಿ ಮನೆಮಂದಿಯನ್ನೆಲ್ಲ ಕರೆತಂದರು. ಎಲ್ಲಕ್ಕಿಂತ ಹಾಳು ಪದ್ಧತಿ ಬಾಕಿ. "ಮುಂದಿನ ಸಲ ಕೊಡ್ತೀನಿ ಮೇಡಂ" ಅಂದವರಿಗೆ ಆಗಲಿ ಅಂದರೆ ಅವರು ಮತ್ತೆ ಬರುವುದಿಲ್ಲ. ದುಡ್ಡಿಲ್ಲದ್ದಕ್ಕಿಂತ ಬಾಕಿಯ ನಾಚಿಕೆ ದೊಡ್ಡದು. ಹಾಗಾಗಿ ಬಾಕಿ ಇಲ್ಲವೇ ಇಲ್ಲ. ಬದಲಿಗೆ ವಾರಕ್ಕೆ ಐದು ಜಾಗ 200 ರೂಪಾಯಿಯವು; ಯಾರಿಗೆ ಎಂಬುದು ಫೋನಿನಲ್ಲೇ ತೀರ್ಮಾನ, ಕೊನೆಯವರೆಗೂ ಅದೇ ದರ, ರಸೀದಿಯೂ ಅದೇ ಥರದ್ದು. ಅದೂ ಆಗದವರಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಆರೋಗ್ಯ ಸೇವೆ ಮುಟ್ಟಿಸುವ ಪ್ರಯೋಗ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿದ್ದು ಇಲ್ಲೇ ಹತ್ತಿರದ ಬಳ್ಳಾರಿಯಲ್ಲಿ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದ. ಈ ಕಡೆಯ ಜನಕ್ಕೆ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸಲು ನಾವು ಹಿಂದೆಮುಂದೆ ನೋಡಬೇಕಿಲ್ಲ. ರಸೀದಿಯ ಮೇಲೆ ಹೆಸರು, ಓದು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಅಚ್ಚು ಹಾಕಿಸಿ. ಕೇಳದಿದ್ದರೂ ಜನ ಅದನ್ನು ನೋಡುತ್ತಾರೆ, ಮನೆಯಲ್ಲಿ ಓದಿದ ಮಕ್ಕಳಿಗೆ ತೋರಿಸುತ್ತಾರೆ.

ಕೋಣೆಯ ವಿಷಯದಲ್ಲಿ ಒಂದೇ ಮುಖ್ಯ: ಒಳಗಿನ ಮಾತು ಹೊರಗೆ ಕೇಳಬಾರದು. ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿರುವಾಗ ಒಳಗೆ ಸೊಸೆ ಯಾವ ಧೈರ್ಯದಲ್ಲಿ ಬಾಯಿ ಬಿಡಬೇಕು? ಮೊಟ್ಟೆ ಟ್ರೇ ಅಂಟಿಸುವುದು ದಂಡ. ಅಂಗಡಿಯಲ್ಲಿ ಸಿಗುವ ಸ್ಪಾಂಜಿನ ಶೀಟು ಒಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ಹೊರಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ಮಾತು ಸೋರುವುದು ಸಂದಿಗಳಲ್ಲಿ. ಟೊಳ್ಳು ಬಾಗಿಲು ತೆಗೆಸಿ ಗಟ್ಟಿ ಫ್ಲಶ್ ಡೋರ್ ಹಾಕಿಸಿ, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ, ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದಿಗೆ ಉಜ್ಜಿಕೊಂಡು ಹೋಗುವ ರಬ್ಬರು, ಮೇಲಿನ ವೆಂಟಿಲೇಟರಿಗೆ ಗಾಜು. ಕೂಲಿ ಸೇರಿ ಹತ್ತು ಹನ್ನೆರಡು ಸಾವಿರ ಆಯಿತು. ಇಷ್ಟು ಮಾಡಿ ಹೊರಗಿನ ಬೆಂಚಿನ ಹತ್ತಿರ ಒಂದು ಟೇಬಲ್ ಫ್ಯಾನು ಓಡಿಸಿದರೆ ಉಳಿದ ಸದ್ದೂ ಮುಳುಗುತ್ತದೆ. ಒಳಗೆ ಮೊಬೈಲಿನಲ್ಲಿ ವಾರ್ತೆ ಹಾಕಿ, ಬಾಗಿಲು ಮುಚ್ಚಿ, ಹೊರಗೆ ಕೂತು ಕೇಳಿ. ಯಾರೋ ಮಾತಾಡುತ್ತಿದ್ದಾರೆ ಎಂದಷ್ಟೇ ತಿಳಿದರೆ ಸರಿ. ಒಂದು ಪದ ಬಿಡಿಯಾಗಿ ಕೇಳಿಸಿದರೂ ಬಡಗಿಯನ್ನು ಮತ್ತೆ ಕರೆಸಿ. ಟಿಶ್ಯೂ ಡಬ್ಬಿ ಅವರ ಕೈಗೆಟಕುವಂತೆ ಇಡಿ, ನೀವಾಗಿ ಎತ್ತಿ ಕೊಡಬೇಡಿ. ಕೊಟ್ಟರೆ ಅಳು ನಿಲ್ಲಿಸಿ ಎಂದ ಹಾಗೆ ಆಗುತ್ತದೆ.

ಮೊದಲ ಸಿಟ್ಟಿಂಗ್ ಐವತ್ತು ನಿಮಿಷ: ಮೊದಲ ಹತ್ತು ಮನೆಯವರೊಂದಿಗೆ, ನಡುವಿನ ಮೂವತ್ತು ಒಬ್ಬರೇ, ಕೊನೆಯ ಹತ್ತು ಮತ್ತೆ ಒಟ್ಟಿಗೆ. ಮನೆಯವರನ್ನು ಪೂರ್ತಿ ಹೊರಗಿಟ್ಟರೆ ಅವರು ಮುಂದಿನ ವಾರ ಕಳಿಸುವುದಿಲ್ಲ, ಪೂರ್ತಿ ಒಳಗಿಟ್ಟರೆ ಇವರು ಬಾಯಿ ಬಿಡುವುದಿಲ್ಲ. ಮನೆಯವರ ಮೊದಲ ಮಾತು ಸಾಮಾನ್ಯವಾಗಿ "ಇವನಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಎಂದೇ. ಬುದ್ಧಿ ಹೇಳುವ ಕೆಲಸ ಮನೆಯಲ್ಲಿ ಈಗಾಗಲೇ ಸಾಕಷ್ಟು ಆಗಿರುತ್ತದೆ, ಅದರಿಂದ ಆಗದ್ದಕ್ಕೇ ಇಲ್ಲಿ ಬಂದದ್ದು, ಇಲ್ಲಿ ಬೇರೆ ಕೆಲಸ ಎಂದು ಮೆಲ್ಲಗೆ ಹೇಳಿ ಮುಂದೆ ಹೋಗಿ. ಕೊನೆಯ ಹತ್ತು ನಿಮಿಷ ಗಂಡ-ಹೆಂಡತಿ ಅಥವಾ ಅತ್ತೆ-ಸೊಸೆಯನ್ನು ಎದುರುಬದುರು ಕೂರಿಸಿ ನಡೆಸುವ ರೀತಿ ನನ್ನದೇ ಒಂದಿದೆ. ಅದನ್ನು ನನ್ನ ಕೈಕೆಳಗೆ ತರಬೇತಿಗೆ ಬಂದವರಿಗೆ ಎದುರಿಗೇ ತೋರಿಸುತ್ತೇನೆ, ಬರಹದಲ್ಲಿ ಹೇಳಲಾಗದು.

ಒಬ್ಬರೇ ಉಳಿದ ಕೂಡಲೇ ಗೋಪ್ಯತೆಯ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಅವರ ಹಕ್ಕು ಎಂದೇ ಹೇಳುತ್ತದೆ. ಸೆಕ್ಷನ್ ನಂಬರು ಅವರಿಗೆ ಬೇಡ, ಅಪವಾದಗಳು ಬೇಕು. ನಿಮ್ಮ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಹದಿನೆಂಟರ ಒಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ. ಕೊನೆಯದನ್ನು ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಅವರು ಬಾಯಿ ಬಿಡುವ ಮುಂಚೆಯೇ ಹೇಳಬೇಕು. ಹೇಳಿದ ಮೇಲೆ "ಇದನ್ನ ತಿಳಿಸಬೇಕಾಗುತ್ತೆ" ಎಂದರೆ ಅದು ಅವರ ಪಾಲಿಗೆ ಎರಡನೇ ದ್ರೋಹ.

ಹಿಸ್ಟರಿಯನ್ನು ಬಾಲ್ಯದಿಂದ ಶುರು ಮಾಡುವುದನ್ನು ಬಿಟ್ಟಿದ್ದೇನೆ. "ಇವತ್ತು ಬೆಳಿಗ್ಗೆ ಎದ್ದಾಗಿಂದ ಇಲ್ಲಿ ಬರೋ ತನಕ ಏನೇನಾಯ್ತು, ಒಂದೊಂದಾಗಿ ಹೇಳಿ" ಎಂದು ಕೇಳುತ್ತೇನೆ. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎದ್ದೇಳಲು ಎಷ್ಟು ಹೊತ್ತು ಹಿಡಿಯಿತು, ತಿಂಡಿ ಸೇರಿತೇ, ಮನೆಯಲ್ಲಿ ಯಾರ ಜೊತೆ ಮಾತಾಯಿತು, ಬಸ್ಸಿನಲ್ಲಿ ಕಿಟಕಿ ಪಕ್ಕವೇ ಯಾಕೆ ಕೂತರು, ಯಾರನ್ನು ಜೊತೆಗೆ ಕರೆತರದೆ ಬರಲಾಗುವುದಿಲ್ಲ. ಹನ್ನೆರಡು ಹದಿನೈದು ನಿಮಿಷದಲ್ಲಿ ನಿದ್ದೆ, ಹಸಿವು, ಶಕ್ತಿ, ಭಯ, ತಪ್ಪಿಸಿಕೊಳ್ಳುವ ದಾರಿಗಳು, ಮನೆಯ ರಾಜಕೀಯ ಎಲ್ಲವೂ ಹೊರಬರುತ್ತವೆ. ಯಾರಿಗೂ ವಿಚಾರಣೆ ನಡೆಯುತ್ತಿದೆ ಅನ್ನಿಸುವುದಿಲ್ಲ. ನಾಲ್ಕು ಪುಟದ ಫಾರ್ಮು ತುಂಬಿಸುವುದು, ಮೊದಲ ದಿನವೇ ಸಾಲು ಸಾಲು ಮಾನಸಿಕ ಪರೀಕ್ಷೆ (ಟೆಸ್ಟ್ ಬ್ಯಾಟರಿ) ಹಾಕಿ ಅದಕ್ಕೆ ಬೇರೆ ಬಿಲ್ ಮಾಡುವುದು, ಎರಡೂ ಜನರನ್ನು ಓಡಿಸುತ್ತವೆ.

ದೂರುಗಳೆಲ್ಲ ಮೈಯಲ್ಲೇ ಇರುತ್ತವೆ: ಎದೆ ಢವಢವ, ಹೊಟ್ಟೆ ತೊಳಸು, ತಲೆ ಭಾರ, ಅಂಗಾಲು ಉರಿ, ಗ್ಯಾಸು ತಲೆಗೇರುವುದು. "ಇದು ಮನಸ್ಸಿಂದ ಬಂದಿದ್ದು" ಎಂದು ಮೊದಲ ದಿನ ಹೇಳಿದರೆ ಸುಳ್ಳು ಹೇಳುತ್ತಿದ್ದೀರಿ ಎಂದಂತೆ ಅವರಿಗೆ ಕೇಳಿಸುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12 ಒಂದು ವರ್ಷದಿಂದ ನೋಡಿಸಿಲ್ಲದಿದ್ದರೆ ಫಿಜಿಶಿಯನ್‌ಗೆ ಚೀಟಿ ಬರೆದು ಕಳಿಸಿ. ಥೈರಾಯ್ಡ್ ಕಡಿಮೆ ಇರುವವರ ಸುಸ್ತಿಗೆ ಎಷ್ಟು ಸಿಟ್ಟಿಂಗ್ ಕೊಟ್ಟರೂ ವ್ಯರ್ಥ. ಹಾಗೆ ಕಳಿಸಿದ್ದಕ್ಕೆ ನಂಬಿಕೆ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ ಪಿಎಚ್‌ಕ್ಯೂ-9 ಅನ್ನು ಕೈಗೆ ಕೊಡುವುದಿಲ್ಲ, ಓದಿ ಹೇಳುತ್ತೇನೆ. "ಕಳೆದ ಎರಡು ವಾರಗಳಲ್ಲಿ" ಎಂಬುದು ಹಳ್ಳಿಯಿಂದ ಬಂದವರಿಗೆ ಹಿಡಿತಕ್ಕೆ ಸಿಗುವುದಿಲ್ಲ; ಆರು ತಿಂಗಳ ಹಿಂದಿನದೂ ಅದರಲ್ಲಿ ಸೇರಿ ಅಂಕ ಏರುತ್ತದೆ. "ಹೋದ ಸಂತೆ, ಅದರ ಹಿಂದಿನ ಸಂತೆ, ಅಲ್ಲಿಂದ ಈಚೆಗೆ" ಅಂದರೆ ಕರಾರುವಾಕ್ಕಾಗಿ ಹೇಳುತ್ತಾರೆ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನಾ, ಈ ನಾಲ್ಕು ಉತ್ತರಗಳಿಗೆ ಒಂದು ಹಾಳೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ನಾಲ್ಕು ವೃತ್ತ ಬರೆದಿಟ್ಟಿದ್ದೇನೆ, ಬೆರಳಿಟ್ಟು ತೋರಿಸುತ್ತಾರೆ. ಅಕ್ಷರ ಬಾರದ ಅಜ್ಜಿಯರೂ ಎಂಟು ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಪ್ರಶ್ನೆಯ ಒಕ್ಕಣೆ ಬದಲಿಸಬೇಡಿ, ಸಮಯದ ಗುರುತು ಮಾತ್ರ ನಿಮ್ಮದು.

ಸಾವಿನ ಯೋಚನೆಯ ಬಗ್ಗೆ ಇರುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ (ಇಲ್ಲವೇ ಇಲ್ಲ) ಬಿಟ್ಟು ಏನೇ ಬಂದರೂ ಅಲ್ಲೇ ನಿಲ್ಲಿಸಿ, ನೇರವಾಗಿ ಕೇಳಬೇಕು. ಸಾಯುವ ಯೋಚನೆ ಬರುತ್ತದೆಯೇ, ಹೇಗೆ ಎಂದು ಯೋಚಿಸಿದ್ದಾರೆಯೇ, ಹಿಂದೆ ಪ್ರಯತ್ನ ಆಗಿದೆಯೇ, ಮನೆಯಲ್ಲಿ ಏನಿದೆ. ಕೇಳಿದರೆ ಯೋಚನೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಕೇಳಿದಾಗ ಬಹಳ ಜನರ ಭುಜ ಇಳಿಯುತ್ತದೆ. ಮೆಕ್ಕೆಜೋಳ, ಭತ್ತ, ಅಡಿಕೆಯ ನಾಡು ಇದು, ಮನೆಮನೆಯಲ್ಲೂ ಬೆಳೆಗೆ ಹೊಡೆಯುವ ಔಷಧಿ ಇರುತ್ತದೆ. ಅವತ್ತೇ, ಅವರ ಒಪ್ಪಿಗೆ ಪಡೆದು, ಜೊತೆಗೆ ಬಂದವರಿಗೆ ಹೇಳಿ ಆ ಡಬ್ಬಿಗಳನ್ನು ಮನೆಯಿಂದಾಚೆ ಇಡಿಸಬೇಕು, ನೆಂಟರ ಮನೆಯಲ್ಲೋ ಬೀಗ ಹಾಕಿದ ಶೆಡ್ಡಿನಲ್ಲೋ. ಗುಳಿಗೆಗಳು ಒಂದು ವಾರಕ್ಕಾಗುವಷ್ಟು ಮಾತ್ರ ಕೈಗೆ, ಉಳಿದದ್ದು ಮನೆಯವರ ಹತ್ತಿರ. ಆ ಯೋಚನೆ ಬಂದಾಗ ಏನು ಮಾಡಬೇಕು ಎಂಬ ಸುರಕ್ಷತೆಯ ಚೀಟಿ ಬರೆದು, ರಾತ್ರಿ ಹೊತ್ತಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಅನ್ನು ಅವರ ಫೋನಿನಲ್ಲೇ ಸೇವ್ ಮಾಡಿಸಿ, ಒಂದು ಸಲ ಎದುರಿಗೇ ಡಯಲ್ ಮಾಡಿಸಿ. ಕನ್ನಡದಲ್ಲೇ ಮಾತಾಡುತ್ತಾರೆ ಎಂಬುದು ತಾವೇ ಕೇಳಿದ ಮೇಲೆ ನಂಬುತ್ತಾರೆ. ಸಾಯುವ ಯೋಜನೆ ಹಾಕಿಕೊಂಡವರನ್ನು, ಪಿಎಚ್‌ಕ್ಯೂ ಅಂಕ 20 ದಾಟಿದವರನ್ನು, ಕಿವಿಯಲ್ಲಿ ದನಿ ಕೇಳುವವರನ್ನು, ನಿದ್ದೆಯಿಲ್ಲದೆಯೂ ವಿಪರೀತ ಉತ್ಸಾಹದಲ್ಲಿರುವವರನ್ನು ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸದೆ ಎರಡನೇ ಸಿಟ್ಟಿಂಗ್ ಇಲ್ಲ. ಯೋಜನೆ ಇರುವವರನ್ನು ಅವತ್ತೇ, ಜೊತೆಗೆ ಜನ ಇಟ್ಟು ಕಳಿಸಬೇಕು. ಮಾತಿನ ಚಿಕಿತ್ಸೆಯ ಬಗ್ಗೆ ನನಗಿರುವ ನಂಬಿಕೆಗೂ ಇದಕ್ಕೂ ಜಗಳವಿಲ್ಲ.

ಹತ್ತು ನಿಮಿಷ ಉಳಿದಾಗ "ಇನ್ನು ಹತ್ತು ನಿಮಿಷ ಇದೆ" ಎಂದು ಜೋರಾಗಿ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಮುಖ್ಯ ವಿಷಯ ಚಪ್ಪಲಿ ಮೆಟ್ಟುವಾಗ ಬರುತ್ತದೆ ಎಂಬುದು ನಿಮಗೂ ಗೊತ್ತು. ಹೀಗೆ ಹೇಳಿದರೆ ಅದು ಕುರ್ಚಿಯಲ್ಲಿರುವಾಗಲೇ ಬರುತ್ತದೆ. ಇನ್ನೊಂದು, ಮನೆಗೆ ಹೋದ ಕೂಡಲೇ ಎಲ್ಲರೂ "ಏನಂದ್ರು?" ಎಂದು ಮುತ್ತಿಕೊಳ್ಳುತ್ತಾರೆ. ಇವರ ಹತ್ತಿರ ಉತ್ತರ ಇರುವುದಿಲ್ಲ, ಆ ಮುಜುಗರಕ್ಕೇ ಎಷ್ಟೋ ಜನ ಬಿಡುತ್ತಾರೆ. ಹೊರಡುವ ಮುಂಚೆ ಅವರಿಂದಲೇ ಒಂದು ವಾಕ್ಯ ಕಟ್ಟಿಸಿ ಕಳಿಸಿ: "ನಿದ್ದೆ ಸರಿ ಮಾಡೋದಕ್ಕೆ ನಾಲ್ಕು ವಾರ ಬರೋಕೆ ಹೇಳಿದಾರೆ." ಇಷ್ಟು ಸಾಕು. ಎಲ್ಲರ ಬಾಯಿ ಮುಚ್ಚುತ್ತದೆ, ಗುಟ್ಟೂ ಉಳಿಯುತ್ತದೆ. ನಾನು ಮಾಡಿದ ಬದಲಾವಣೆಗಳಲ್ಲಿ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಎರಡನೇ ಸಿಟ್ಟಿಂಗ್‌ನಲ್ಲಿ ಅರ್ಧ ಹಾಳೆ, ಒಂದೇ ತೊಂದರೆ, ಒಂದೇ ವಾರದ ಕೆಲಸ. "ವಾಕಿಂಗ್ ಮಾಡಿ, ಮನಸ್ಸಿಗೆ ಖುಷಿಯಾಗೋದು ಮಾಡಿ" ಅನ್ನುವುದು ಕೆಲಸವಲ್ಲ. ಕೂಡುಕುಟುಂಬದ ಹೆಣ್ಣುಮಗಳು ಸಂಜೆ ಒಬ್ಬಳೇ ವಾಕಿಂಗ್ ಹೊರಟರೆ ಮನೆಯಲ್ಲಿ ಹೊಸ ಜಗಳ. ಹಾಳೆಯಲ್ಲಿ ಬರೆಯಬೇಕಾದದ್ದು ಹೀಗೆ: ಬೆಳಿಗ್ಗೆ ಆರೂವರೆ, ಹಿತ್ತಿಲು, ಹೂ ಬಿಡಿಸುವುದು, ಹತ್ತು ನಿಮಿಷ, ಒಬ್ಬಳೇ, ಫೋನ್ ಒಳಗೆ. ಮಾಡುವ ಮುಂಚೆ ಮನಸ್ಸು ಎಷ್ಟು, ಮಾಡಿದ ಮೇಲೆ ಎಷ್ಟು. ಹೊತ್ತು, ಜಾಗ, ಅವಧಿ, ಜೊತೆ, ಈ ನಾಲ್ಕೂ ಇಲ್ಲದ ಹೋಂವರ್ಕ್ ವಾಪಸ್ ಬರುವುದಿಲ್ಲ. ಅಳತೆಗೆ ಓದಿದವರಾದರೆ ಹತ್ತಕ್ಕೆ ಎಷ್ಟು ಎಂದು ಕೇಳಿ. ವಯಸ್ಸಾದವರಿಗೆ ಹತ್ತು, ನೂರು ಎರಡೂ ಕೆಲಸ ಮಾಡಲಿಲ್ಲ. ರೂಪಾಯಿಗೆ ಎಷ್ಟಾಣೆ ಎಂದು ಕೇಳಿದ ದಿನದಿಂದ ಲೆಕ್ಕ ಸಲೀಸು. "ನಾಕಾಣೆ ಕಮ್ಮಿ ಆಗೇತಿ ಮೇಡಂ, ಹನ್ನೆರಡಾಣೆ ಉಳದೈತಿ" ಅನ್ನುತ್ತಾರೆ, ಮುಂದಿನ ವಾರ ಅದೇ ಅಳತೆಯಲ್ಲಿ ಹೋಲಿಸುತ್ತಾರೆ. ದೇವಸ್ಥಾನಕ್ಕೆ ಹೋಗುವುದನ್ನು, ಹರಕೆಯನ್ನು ಬಿಡಿಸಲು ಹೋಗಬೇಡಿ. ಉಚ್ಚಂಗೆಮ್ಮನ ಗುಡ್ಡ ಹತ್ತುವವರಿಗೆ ಅದನ್ನೇ ವಾರದ ಚಟುವಟಿಕೆಯಾಗಿ ಹಾಳೆಯಲ್ಲಿ ಬರೆದದ್ದುಂಟು.

ಗಾಬರಿ ಕಾಯಿಲೆಗೆ ಎರಡನೇ ಸಲವೇ ಒಂದು ಪ್ರಯೋಗ ತೋರಿಸಬಹುದು, ಹೃದಯ, ಆಸ್ತಮಾ, ಫಿಟ್ಸ್ ತೊಂದರೆ ಇಲ್ಲ, ಬಸುರಿಯಲ್ಲ ಎಂದು ಖಚಿತವಾದ ಮೇಲೆ ಮಾತ್ರ. ನಿಂತಲ್ಲೇ ಒಂದು ನಿಮಿಷ ಓಡುವುದು, ಆಮೇಲೆ ಕೂತು ಎದೆಬಡಿತ ಗಮನಿಸುವುದು. "ಇದೇ ರೀ, ಹಿಂಗೇ ಆಗೋದು!" ಎಂದು ಅವರೇ ಅಂದ ಮೇಲೆ ಮೂರು ನಾಲ್ಕು ನಿಮಿಷದಲ್ಲಿ ಅದು ತಾನೇ ಇಳಿಯುವುದನ್ನು ಅವರೇ ನೋಡುತ್ತಾರೆ. ಅರ್ಧ ಗಂಟೆಯ ವಿವರಣೆಗಿಂತ ಇದು ಮೇಲು. ಫ್ಯಾನು ಹಾಕುವುದು, ನೀರು ಕೊಡುವುದು, ದೀರ್ಘ ಉಸಿರು ಹೇಳಿಕೊಡುವುದು ಆ ಹೊತ್ತಿಗೆ ಬೇಡ. ನೀರು ಕುಡಿದದ್ದಕ್ಕೇ ಇಳಿಯಿತು ಎಂದು ಕಲಿತು ಹೋಗುತ್ತಾರೆ.

ಮೂರನೆಯದು ಜನ ಬಿಡುವ ಜಾಗ. ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿದ್ದಾರೆ, ತಪ್ಪಿಸಿಕೊಳ್ಳುತ್ತಿದ್ದ ಜಾಗಕ್ಕೆ ಹೋಗಿದ್ದಾರೆ. ಎರಡು ರಾತ್ರಿ ನಿದ್ದೆ ಕೆಟ್ಟು, ತಲೆನೋವು ಬಂದು, ಇದೆಲ್ಲ ಬೇಡ ಅನ್ನಿಸುತ್ತದೆ. ಫೋನಿನಲ್ಲೇ ಹೇಳಿದ್ದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. "ನೀವು ಹೇಳಿದಂಗೇ ಆಯ್ತು ಮೇಡಂ" ಎಂದು ಬರುತ್ತಾರೆ. ಹೆದರಿ ಓಡುತ್ತಾರೆ ಎಂದವರಿಗೆ ನನ್ನ ಉತ್ತರ ಇದೊಂದೇ ವಾಕ್ಯ. ಮೊದಲೇ ತಿಳಿದಿದ್ದರೆ ಅದು ಚಿಕಿತ್ಸೆಯ ಭಾಗ, ತಿಳಿದಿರದಿದ್ದರೆ ಚಿಕಿತ್ಸೆ ಕೆಟ್ಟಿತು ಎಂಬುದಕ್ಕೆ ಸಾಕ್ಷಿ. ಆದರೆ ಎರಡು ಮೂರು ದಿನದ ಬೇಜಾರು ಬೇರೆ, ವಾರವಿಡೀ ಇಳಿಯುತ್ತಲೇ ಹೋಗುವುದು ಬೇರೆ. ಎರಡನೆಯದಾದರೆ ಮೂರರಲ್ಲೇ ಪಿಎಚ್‌ಕ್ಯೂ ಮತ್ತೆ ಹಾಕಿ, ಕೊಟ್ಟ ಕೆಲಸ ಇಳಿಸಿ, ಬೇಕಾದರೆ ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿ.

ಬರುವ ದಿನ ನೆನಪಿಸುವ ಮೆಸೇಜಿನಲ್ಲಿ "ಕೌನ್ಸೆಲಿಂಗ್" ಎಂಬ ಪದ ಹಾಕಬೇಡಿ, ಮನೆಯ ಫೋನು ಹತ್ತು ಕೈ ದಾಟುತ್ತದೆ. "ನಾಳೆ 11:30" ಅಷ್ಟೇ ಸಾಕು. ನಿಮ್ಮ ನಂಬರು ಟ್ರೂಕಾಲರ್‌ನಲ್ಲಿ ಏನೆಂದು ತೋರುತ್ತದೆ ಎಂಬುದನ್ನೂ ನೋಡಿ ಸರಿಪಡಿಸಿ. ಅಮಾವಾಸ್ಯೆ, ಪಿತೃಪಕ್ಷದಲ್ಲಿ ಹೊಸಬರು ಶುರು ಮಾಡಲು ಒಪ್ಪುವುದು ಕಡಿಮೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಆ ವಾರ ಕ್ಲಿನಿಕ್ ಖಾಲಿ. ಆ ದಿನಗಳಿಗೆ ಮೂರನೇ ಸಿಟ್ಟಿಂಗ್ ಬೀಳದಂತೆ ಶುರುವಿನ ತಾರೀಕು ಇಡುತ್ತೇನೆ.

ನಾಲ್ಕನೆಯದರಲ್ಲಿ ಮೊದಲ ದಿನದ ಹಾಳೆ ಪಕ್ಕಕ್ಕಿಟ್ಟು ಅದೇ ಪ್ರಶ್ನೆಗಳು. ಪಿಎಚ್‌ಕ್ಯೂ ಐದು ಅಂಕ ಇಳಿದಿದ್ದರೆ ದಾರಿ ಸರಿ, ಮುಂದುವರಿಸುವುದು. ಅಷ್ಟು ಇಳಿಯದಿದ್ದರೆ ಅದನ್ನು ಅವರಿಗೆ ತೋರಿಸಿಯೇ ಮಾತಾಡುವುದು: ಹೋಂವರ್ಕ್ ಆಗಿಲ್ಲವೇ, ಹಿಡಿದ ತೊಂದರೆಯೇ ಬೇರೆಯೇ, ಕುಡಿತ ಮುಚ್ಚಿಟ್ಟಿದ್ದಾರೆಯೇ, ಗುಳಿಗೆ ಬೇಕೇ. ಗಂಡಸರಲ್ಲಿ ಕುಡಿತದ ನಿಜವಾದ ಲೆಕ್ಕ ಹೊರಬರುವುದು ಹೆಚ್ಚಾಗಿ ಈ ದಿನವೇ. ಮುಂದುವರಿಯುವವರಿಗೂ ಅಂದಾಜು ಹೇಳುತ್ತೇನೆ: ಗಾಬರಿ ಕಾಯಿಲೆಗೆ ಒಟ್ಟು ಎಂಟರಿಂದ ಹನ್ನೆರಡು, ಮಧ್ಯಮ ಖಿನ್ನತೆಗೆ ಹನ್ನೆರಡರಿಂದ ಹದಿನಾರು, ಓಸಿಡಿಗೆ (ಗೀಳು ಕಾಯಿಲೆ) ಇಪ್ಪತ್ತರ ಹತ್ತಿರ. ಕಡಿಮೆಯಾದ ಮೇಲೆ ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು. ನಾಲ್ಕಕ್ಕೇ ನಿಲ್ಲಿಸಿದವರಿಗೂ ಆ ಅರ್ಧ ಹಾಳೆಗಳನ್ನೆಲ್ಲ ಪಿನ್ ಹೊಡೆದು ಕೊಟ್ಟು ಕಳಿಸುತ್ತೇನೆ. ವರ್ಷ ಬಿಟ್ಟು ಅದೇ ಹಾಳೆ ಹಿಡಿದು ವಾಪಸ್ ಬಂದವರಿದ್ದಾರೆ.

ಪಕ್ಕದಲ್ಲಿ ನಡೆಸಿದ ಎರಡು ಪ್ರಯೋಗಗಳನ್ನೂ ಹೇಳಬೇಕು. ಬರೆಯಲು ಬಾರದವರಿಗೆ ಡೈರಿಯ ಬದಲು ವಾಟ್ಸಾಪ್ ವಾಯ್ಸ್ ಮೆಸೇಜ್. ಫಲ ಚೆನ್ನಾಗಿತ್ತು, ಆದರೆ ರಾತ್ರಿ ಹನ್ನೊಂದಕ್ಕೆ ಏಳು ನಿಮಿಷದ ಅಳು ಬಂದರೆ ಕೇಳದೆ ಬಿಡಲಾಗದು, ಕೇಳಿದರೆ ಉತ್ತರಿಸದೆ ಇರಲಾಗದು. ಈಗ ಮೆಸೇಜನ್ನು ನನಗಲ್ಲ, ತಮ್ಮದೇ ನಂಬರಿಗೆ ಕಳಿಸಿಕೊಳ್ಳಲು ಹೇಳುತ್ತೇನೆ. ದಿನಕ್ಕೊಂದು, ಒಂದು ನಿಮಿಷ ಮೀರದಂತೆ. ಸಿಟ್ಟಿಂಗ್‌ನಲ್ಲಿ ಇಬ್ಬರೂ ಕೂತು ಕೇಳುತ್ತೇವೆ. ಬೇರೆಯವರೂ ಬಳಸುವ ಫೋನಾದರೆ ಇದು ಬೇಡ.

ಇನ್ನೊಂದು ಆನ್‌ಲೈನ್. ಅಮೆರಿಕದಲ್ಲಿರುವ ಇಲ್ಲಿಯ ಮಕ್ಕಳು ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯದ ಸಂಜೆ ಆರೂವರೆ, ಸಮಯ ಹೊಂದುತ್ತದೆ. ಹೊಂದದ್ದು ಕಾನೂನು: ಅಲ್ಲಿರುವವರಿಗೆ ಚಿಕಿತ್ಸೆ ಕೊಡಲು ಆ ರಾಜ್ಯದ ಲೈಸೆನ್ಸ್ ಬೇಕು, ತುರ್ತು ಬಂದರೆ ಇಲ್ಲಿಂದ ಏನೂ ಮಾಡಲಾಗದು. ಅಲ್ಲಿಯವರನ್ನು ಅಲ್ಲಿಯ ಥೆರಪಿಸ್ಟ್ ಹತ್ತಿರವೇ ಹೋಗಲು ಹೇಳುತ್ತೇನೆ. ಉಳಿದದ್ದು ಅವರ ತಂದೆತಾಯಿಗಳು, ಎಂಸಿಸಿ ಬಿ ಬ್ಲಾಕ್ ಕಡೆಯ ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದವರು. ಫೀಸು ಮಕ್ಕಳು ಕಳಿಸುತ್ತಾರೆ, ಪ್ರತಿ ವಾರ "ಅಮ್ಮ ಏನಂದ್ರು?" ಎಂದು ಕೇಳುತ್ತಾರೆ. ದುಡ್ಡು ಯಾರು ಕೊಟ್ಟರೂ ಮಾತು ಕೂತವರದ್ದು ಎಂದು ಮೊದಲ ಫೋನಿನಲ್ಲೇ ಮಕ್ಕಳಿಗೆ ಹೇಳಿ, ಒಪ್ಪಿದರೆ ಮಾತ್ರ ತಾರೀಕು ಕೊಡುತ್ತೇನೆ. ಒಪ್ಪದವರ ದುಡ್ಡು ಬೇಡ. ಅಂಥ ಅಮ್ಮಂದಿರಿಗೆ 200 ರೂಪಾಯಿಯ ಜಾಗ ಇದ್ದೇ ಇರುತ್ತದೆ, ಅವರೇ ಸೆರಗಿನಿಂದ ಬಿಚ್ಚಿ ಕೊಡುತ್ತಾರೆ.